ಬಾವಿಗೆ ಬಂದ ತುಂಬಿದ ಕೊಡ

ಬೈರಮ್ಮನ ತುಟಿ ನೀಲಿಯಾಗಿತ್ತು. ಶಾಲೆಯ ಮಕ್ಕಳು ಪೆನ್ನು ಕಚ್ಚಿ ಬಾಯಿಗೆಲ್ಲ ಶಾಯಿ ಮಾಡಿಕೊಳ್ಳುತ್ತಾರಲ್ಲ, ಹಾಗೆ.

ಮುದುಕಿ ಒಲೆಯ ಮುಂದೆ ಗೋಡೆಗೆ ಒರಗಿ ಕೂತವಳು ಕೂತಂತೆಯೇ ಹೋಗಿಬಿಟ್ಟಿದ್ದಳು. ಮಡಿಲಲ್ಲಿ ಏಳು ವರ್ಷದ ಮೊಮ್ಮಗಳು ದೀಪಶ್ರೀ. ಮಗುವಿಗೆ ಇನ್ನೂ ಉಸಿರಿತ್ತು. ಆದರೆ ಅದರ ಉಗುರುಗಳೂ ನೀಲಿಗಟ್ಟಿದ್ದವು. ಪಕ್ಕದಲ್ಲಿ ಎರಡು ಲೋಟ. ಎರಡರ ತಳದಲ್ಲೂ ಒಂದಿಷ್ಟು ರಾಗಿ ಅಂಬಲಿ.

ಹಸುವಿಗೆ ಹುಲ್ಲು ತರಲು ಹೋಗಿದ್ದ ಸೊಸೆ ಲಕ್ಷ್ಮಮ್ಮ ಬಾಗಿಲಲ್ಲೇ ಹೊರೆ ಕೆಡವಿ ಕಿರುಚಿಕೊಂಡಳು. ಹುಣಸೇಪಾಳ್ಯದ ಆ ಬೀದಿಗೆ ಬೀದಿಯೇ ಓಡಿಬಂತು. ಎಲ್ಲರಿಗಿಂತ ಮೊದಲು ಬಂದವನು ಎದುರಿನ ತಾರಸಿ ಮನೆಯ ನರಸಪ್ಪ, ಬೈರಮ್ಮನ ಹಿರಿಯ ಮಗ. ಲಕ್ಷ್ಮಮ್ಮ ಅವನ ತೀರಿಹೋದ ತಮ್ಮನ ಹೆಂಡತಿ. ಮಗುವನ್ನು ಬಾಚಿ ಎತ್ತಿಕೊಂಡು ಟೆಂಪೊ ಹತ್ತಿಸಿ ಆಸ್ಪತ್ರೆಗೆ ಓಡಿದವನೂ ಅವನೇ. ಹೆತ್ತವ್ವನ ಹೆಣ ಬಿಟ್ಟು ತಮ್ಮನ ಮಗಳನ್ನು ಉಳಿಸಲು ಓಡಿದ ಅಂತ ಊರು ಆವತ್ತು ಅವನನ್ನು ಬಾಯಿತುಂಬ ಹೊಗಳಿತು.

ಅದೇ ಮಧ್ಯಾಹ್ನ ಆ ಮನೆಯ ಮುಂದಿನ ಬಾವಿಯ ನೀರು ಒಂದು ಬಾಟಲಿಯಲ್ಲಿ ಯಶವಂತಪುರದ ಪ್ರಯೋಗಾಲಯಕ್ಕೆ ಬಂತು. ಅಲ್ಲಿಯ ಕೆಮಿಸ್ಟ್ ಉಮಾಶ್ರೀ ಪರೀಕ್ಷೆ ಮಾಡಿದಳು. ವಿಷವಿಲ್ಲ, ಕುಡಿಯಲು ಯೋಗ್ಯ ಅಂತ ಬರೆದು ಸಹಿ ಹಾಕಿದಳು.

ಆ ಸಹಿ ಮುಂದೆ ಅವಳ ನಿದ್ದೆ ಕೆಡಿಸಲಿದೆ ಅಂತ ಪಾಪ, ಅವಳಿಗೇನು ಗೊತ್ತು?

*

ಎರಡು ವಾರದ ಮೇಲೆ ಸಬ್ ಇನ್ಸ್‌ಪೆಕ್ಟರ್ ಸಂಗಮೇಶ್ ಪ್ರಯೋಗಾಲಯಕ್ಕೆ ಬಂದ. ಬಾಗಲಕೋಟೆ ಕಡೆಯ ಮನುಷ್ಯ. ಉಮಾಶ್ರೀ ಹಾವೇರಿಯವಳು. ಮಾತು ಬೇಗ ಕೂಡಿಬಂತು.

"ನಿಮ್ಮ ರಿಪೋರ್ಟ್ ಸಿಕ್ಕ ಮ್ಯಾಲೆ ನಮ್ಮ ಕೆಲಸ ಹಗುರ ಆತು ನೋಡ್ರಿ ಮೇಡಂ. ಇನ್ನೊಂದು ಕಾಪಿ ಕೊಡ್ರಿ, ಕೋರ್ಟಿಗೆ ಬೇಕು."

"ಯಾರನ್ನ ಹಿಡಿದ್ರಿ?"

"ಸೊಸೀನ್ನ. ಡಾಕ್ಟರು ನೈಟ್ರೈಟ್ ಅನ್ನೋ ಉಪ್ಪಿನ ವಿಷ ಅಂತ ಹೇಳ್ಯಾರ. ರಕ್ತ ಕಾಫಿ ಡಿಕಾಕ್ಷನ್ ಬಣ್ಣಕ್ಕ ತಿರುಗಿತ್ತಂತ. ಕಾಲುವಿ ನೀರು ಬಾವಿಗೆ ಬಸದಿರಬೇಕು ಅಂತ ಮೊದಲು ನಾವೂ ಅಂದ್ಕೊಂಡಿದ್ವಿ."

ಆ ಅನುಮಾನ ಯಾರಿಗಾದರೂ ಬರುವಂಥದ್ದೇ. ಪೀಣ್ಯದ ಶೆಡ್ಡುಗಳ ಬೆನ್ನಿಗೇ ರಾಜಕಾಲುವೆ ಹರಿಯುತ್ತದೆ. ಒಂದು ದಿನ ಕಪ್ಪು, ಒಂದು ದಿನ ಹಳದಿ. ಅದು ಹುಣಸೇಪಾಳ್ಯದ ಬಾವಿಯನ್ನು ಬಳಸಿಕೊಂಡೇ ಕೆರೆ ಸೇರುತ್ತದೆ.

"ಬಾವಿ ನೀರು ಶುದ್ಧ ಅಂತ ನೀವು ಬರದ್ರಿ. ಅಲ್ಲಿಗೆ ಉಳಿದಿದ್ದು ಅಂಬಲಿ. ಕೊಟ್ಟಿಗ್ಯಾಗ ಗೊಬ್ಬರದ ಚೀಲ ಸಿಕ್ಕೈತಿ. ಅತ್ತಿ-ಸೊಸಿ ದಿನಾ ಜಗಳ. ಇನ್ನೇನು ಬೇಕು?"

"ಹೆತ್ತ ಮಗಳಿಗೆ ವಿಷ ಹಾಕ್ತಾಳಾ?"

"ಅಜ್ಜಿ ತನ್ನ ಪಾಲಿಂದ ಮಗೂಗೆ ಕೊಟ್ಟಾಳ. ಸೊಸಿಗೆ ಅದು ಗೊತ್ತಾಗಿಲ್ಲ." ಸಂಗಮೇಶ್ ಟೋಪಿ ತಿರುಗಿಸಿದ. "ಮಗು ಉಳೀತು. ನೀಲಿ ಇಂಜೆಕ್ಷನ್ ಕೊಟ್ರು. ಈಗ ನ್ಯುಮೋನಿಯಾ ಹಿಡದು ಮಲಗೈತಿ. ಅವ್ವಾ ಅವ್ವಾ ಅಂತ ಕನವರಿಸ್ತದ. ಅವ್ವ ನಮ್ಮ ಲಾಕಪ್ಪಿನಾಗ ಕುಂತು ಒಂದೇ ಮಾತು ಹೇಳ್ತಾಳ. ತಾನು ಕೊಳಾಯಿ ನೀರಾಗ ಅಡುಗಿ ಮಾಡ್ತಿದ್ದಳಂತ, ಅತ್ತಿ ಮಾತ್ರ ಹಠ ಹಿಡದು ಬಾವಿ ನೀರಾಗ ತಾನೇ ಅಂಬಲಿ ಕಾಸ್ಕೊಂತಿದ್ದಳಂತ."

"ಸೊಸೆ ಯಾಕೆ ಬಾವಿ ನೀರು ಬಳಸ್ತಿರಲಿಲ್ಲ?"

ಸಂಗಮೇಶ್ ನಕ್ಕ. "ಆ ನೀರಾಗ ಬ್ಯಾಳಿ ಬೇಯಂಗಿಲ್ಲಂತ್ರಿ! ಕೊಲೆ ಕೇಸಿಗೆ ಬ್ಯಾಳಿ ಸಾಕ್ಷಿ!"

ಉಮಾಶ್ರೀ ನಗಲಿಲ್ಲ.

"ಇರ್ಲಿ ಬಿಡ್ರಿ. ಊರಿನ ಕೊಳಾಯಿಗೆ ನೀರು ಕೊಡೋ ಬೋರ್‌ವೆಲ್ ಮೋಟಾರ್ ಸುಟ್ಟು ಹೋಗೈತಿ. ಬಾವಿಗೆ ನಾವು ಹಾಕಿದ್ದ ಬಂದೋಬಸ್ತ್ ತಗದೀವಿ. ನಾಳೆ ಬೆಳಿಗ್ಗೆ ಪೂಜಿ ಮಾಡಿ ಇಡೀ ಬೀದಿ ಅದೇ ನೀರು ಸೇದತೈತಿ. ನಿಮ್ಮ ರಿಪೋರ್ಟ್ ಅವರಿಗೂ ಉಪಕಾರ ಆತು."

ಅವನು ಹೋದ ಮೇಲೂ ಬೇಳೆಯ ಮಾತು ಅವಳ ತಲೆಯಿಂದ ಹೋಗಲಿಲ್ಲ. ಬೇಳೆ ಬೇಯದ ನೀರು ಅಂದರೆ ಗಡಸು ನೀರು. ಸೋಪು ಹಾಕಿದರೆ ನೊರೆ ಬರಲ್ಲ, ಪಾತ್ರೆಯ ತಳದಲ್ಲಿ ಬಿಳಿ ಕರೆ ಕಟ್ಟುತ್ತದೆ. ಪೀಣ್ಯದ ಸುತ್ತಲಿನ ಬಾವಿ ನೀರೆಲ್ಲ ಹೆಚ್ಚು ಕಡಿಮೆ ಅಂಥದ್ದೇ.

ಪೊಲೀಸರು ಕೇಳಿದ್ದು ವಿಷದ ಬಗ್ಗೆ ಮಾತ್ರ. ಅಭ್ಯಾಸಬಲದಿಂದ ಅವಳು ಗಡಸುತನವನ್ನೂ ಅಳೆದಿದ್ದಳು. ಆ ದಾಖಲೆ ತೆಗೆದು ನೋಡಿದಳು. ಮೆದು ನೀರು. ಹುಣಸೇಪಾಳ್ಯದ ಬಾವಿಯಲ್ಲಿ ಇರಲು ಸಾಧ್ಯವೇ ಇಲ್ಲದಷ್ಟು ಮೆದು.

ಎದ್ದು ಹೋಗಿ ಪ್ರಯೋಗಾಲಯದ ನಲ್ಲಿಯಿಂದ ಒಂದು ಬೀಕರ್ ನೀರು ಹಿಡಿದು ಪರೀಕ್ಷಿಸಿದಳು. ಕಾವೇರಿ ನೀರು. ಎರಡೂ ಲೆಕ್ಕ ತಾಳೆಯಾದವು.

ತಾನು ಪರೀಕ್ಷೆ ಮಾಡಿದ್ದು ಬಾವಿ ನೀರನ್ನೇ ಅಲ್ಲ. ಹಾಗಾದರೆ ಬಾವಿಯಲ್ಲಿ ಏನಿದೆಯೋ ಯಾರಿಗೂ ಗೊತ್ತಿಲ್ಲ. ನಾಳೆ ಬೆಳಿಗ್ಗೆ ಇಡೀ ಬೀದಿ ಅದನ್ನು ಕುಡಿಯುತ್ತದೆ, ತನ್ನ ಸಹಿಯನ್ನು ನಂಬಿ.

*

ಬಾಟಲಿ ತಂದವನು ಶಿವರಾಜ್. ಪ್ರಯೋಗಾಲಯದಲ್ಲಿ ನೀರು ಸಂಗ್ರಹಿಸುವ ಕೆಲಸದವನು. ದಾವಣಗೆರೆಯ ಹುಡುಗ. ಊರೂರು ತಿರುಗುವ ಬದಲು ನಲ್ಲಿಯಲ್ಲೇ ತುಂಬಿಸಿ ತಂದಿದ್ದಾನಾ? ಉಮಾಶ್ರೀಗೆ ಮೊದಲು ಬಂದ ಯೋಚನೆ ಅದೇ. ಬಂದಾಗ ಸಿಟ್ಟೂ ಬಂತು.

"ಹುಣಸೇಪಾಳ್ಯಕ್ಕೆ ನೀನು ನಿಜವಾಗ್ಲೂ ಹೋಗಿದ್ಯಾ?"

"ಹೋಗಿದ್ದೆ ಮೇಡಂ."

"ನೀನೇ ನೀರು ಸೇದಿದ್ಯಾ?"

"ಹೂಂ ಮೇಡಂ."

"ಬಾವಿ ಎಷ್ಟು ಆಳ ಇದೆ? ನೀರು ಎಲ್ಲಿತ್ತು? ಹಗ್ಗ ಎಷ್ಟು ಇಳೀತು?"

ಶಿವರಾಜನ ಮುಖ ಬಿಳಿಚಿತು. ಕಣ್ಣು ನೆಲ ನೋಡಿತು.

"ಶಿವರಾಜ್, ಒಬ್ಬಳು ತಾಯಿ ಲಾಕಪ್ಪಲ್ಲಿ ಕೂತಿದ್ದಾಳೆ. ನಿಜ ಹೇಳು. ನೀರು ಎಲ್ಲಿಂದ ತಂದೆ?"

"ಬಾವಿ ಹತ್ರಾನೇ ಮೇಡಂ, ದೇವರಾಣೆ! ಆದ್ರೆ ನಾನು ಕಟ್ಟೆ ಹತ್ತಲಿಲ್ಲ. ಶೂ ಹಾಕ್ಕೊಂಡು ಗಂಗಮ್ಮನ ಕಟ್ಟೆ ತುಳೀಬ್ಯಾಡ ಅಂತ ಗದರಿದ್ರು. ಬಾಟ್ಲಿ ಇಲ್ಲಿ ಕೊಡಿ, ನಾನೇ ತುಂಬಿಕೊಡ್ತೀನಿ ಅಂದ್ರು. ಕೊಟ್ಟೆ."

"ಯಾರು?"

"ನರಸಪ್ಪ ಅಂತ. ಸತ್ತ ಅಜ್ಜಿ ಮಗ."

ಬಾಟಲಿಯನ್ನು ಅದೇ ನೀರಿನಿಂದ ಮೂರು ಸಲ ತೊಳೆದು ಚೆಲ್ಲಿ, ಆಮೇಲೆ ಸ್ವಂತ ಕೈಯಲ್ಲಿ ತುಂಬಬೇಕು. ಮೊದಲ ದಿನವೇ ಹೇಳಿಕೊಡುವ ಪಾಠ. ಸಾವಿನ ಮನೆಯ ಮುಂದೆ ಯಾರ ಜೊತೆ ವಾದ ಅಂತ ಹುಡುಗ ಸುಮ್ಮನಾಗಿದ್ದ.

"ಅವರು ಸೇದಿದ್ದನ್ನ ನೋಡಿದ್ಯಾ?"

"ಬಿಂದಿಗೆ ಇಳಿಸಿ ಮೇಲೆ ಎಳೆದಿದ್ದು ನೋಡಿದೆ. ಆಮೇಲೆ ಆ ಕಡೆ ತಿರುಗಿ ಬಗ್ಗಿದ್ರು. ಅಲ್ಲೊಂದು ಸ್ಟೀಲ್ ಕೊಡ ಇತ್ತು."

"ಖಾಲಿ ಕೊಡಾನಾ?"

"ಇಲ್ಲ ಮೇಡಂ, ತುಂಬಿತ್ತು. ಮನೆಯಿಂದ ಹೊತ್ಕೊಂಡೇ ಬಂದ್ರು. ಇದ್ಯಾಕೆ ಅಂತ ಕೇಳಿದೆ. ಸತ್ತ ಮನೆ ಬಾವಿ, ಶುದ್ಧಿ ಮಾಡೋಕೆ ಅಂದ್ರು."

ಉಮಾಶ್ರೀಗೆ ಅದರಲ್ಲಿ ತಪ್ಪು ಕಾಣಲಿಲ್ಲ. ಅವಳ ಮನೆಯಲ್ಲೂ ಶಿವರಾಜನ ಮನೆಯಲ್ಲೂ ಸೂತಕ ಅನ್ನುವುದೇ ಇಲ್ಲ. ಕೊರಳಲ್ಲಿ ಲಿಂಗ ಇರುವವರಿಗೆ ಸಾವಿನ ಮೈಲಿಗೆ ಎಲ್ಲಿಂದ ಬರಬೇಕು? ಶುದ್ಧಿಯ ನೇಮಗಳು ಇಬ್ಬರಿಗೂ ಅಷ್ಟಕ್ಕಷ್ಟೇ. ಆದರೂ ಏನೋ ಚುಚ್ಚಿತು. ಪ್ರಪಂಚದಲ್ಲಿ ಎಲ್ಲರೂ ಬಾವಿಗೆ ಖಾಲಿ ಕೊಡ ತರುತ್ತಾರೆ. ಇವನು ತುಂಬಿದ ಕೊಡ ತಂದಿದ್ದ.

"ನನ್ನ ಜೊತೆ ಬಾ. ಹೋಗಿ ಇನ್ನೊಂದು ಬಾಟಲಿ ತರೋಣ."

"ನಾನು ಬರಲ್ಲ ಮೇಡಂ. ನನ್ನ ಕೆಲಸ ಹೋಗುತ್ತೆ." ಶಿವರಾಜ್ ಅತ್ತೇಬಿಟ್ಟ.

ಠಾಣೆಗೆ ಫೋನ್ ಮಾಡಿದಳು. ಸಂಗಮೇಶ್ ಯಾವುದೋ ಬಂದೋಬಸ್ತಿಗೆ ಹೋಗಿದ್ದಾನೆ, ಸಂಜೆ ಮೇಲೆ ಸಿಗುತ್ತಾನೆ ಅಂದರು. ಉಮಾಶ್ರೀ ಚೀಲಕ್ಕೆ ಎರಡು ಬಾಟಲಿ ತುರುಕಿಕೊಂಡು ತುಮಕೂರು ರಸ್ತೆಯ ಬಸ್ಸು ಹತ್ತಿದಳು.

*

ಬಾವಿಯ ಮೇಲೆ ಜಾಲಿ ಮುಳ್ಳು ಮುಚ್ಚಿದ್ದರು. ಪಕ್ಕದಲ್ಲಿ ರಾಜಕಾಲುವೆ ಬುರುಗು ಹೊತ್ತು ಹರಿಯುತ್ತಿತ್ತು. ಮುಳ್ಳಿನ ಸಂದಿಯಲ್ಲಿ ಇಣುಕಿದರೆ ಆಳದಲ್ಲಿ ತಿಳಿನೀರು. ವಾಸನೆಯಿಲ್ಲ, ಬಣ್ಣವಿಲ್ಲ. ಕಾಲುವೆಯ ನೀರನ್ನು ನೋಡಿದರೆ ಅಸಹ್ಯವಾಗುತ್ತಿತ್ತು. ಈ ನೀರನ್ನು ನೋಡಿ ಉಮಾಶ್ರೀಗೆ ಭಯವಾಯಿತು.

"ಯಾರು ಬೇಕಿತ್ತು?"

ಬೆಚ್ಚಿ ತಿರುಗಿದಳು. ತಲೆ ಬೋಳಿಸಿಕೊಂಡ ದಪ್ಪ ಮನುಷ್ಯ. ಬಂದ ಸದ್ದೇ ಆಗಿರಲಿಲ್ಲ.

"ನೀರು ಪರೀಕ್ಷೆ ಆಫೀಸಿಂದ ಬಂದಿದೀನಿ."

"ಓಹೋ, ನೀವೇನಾ! ನೀರು ಚೆನ್ನಾಗದೆ ಅಂತ ನೀವೇ ಬರ್ಕೊಟ್ಟಿದ್ದೀರಲ್ಲ ಮೇಡಂ. ನಾನು ನರಸಪ್ಪ." ನಗುತ್ತಲೇ ಕೈ ಮುಗಿದ.

"ಇನ್ನೊಂದು ಬಾಟಲಿ ಬೇಕಿತ್ತು. ಆಫೀಸ್ ಪದ್ಧತಿ."

"ನಾಳೆ ಪೂಜೆ ಆಗೋಗಂಟ ಬಾವಿಗೆ ಅಗ್ಗ ಇಳಿಸಂಗಿಲ್ಲ." ನಗು ಹಾಗೆಯೇ ಇತ್ತು, ದನಿ ಮಾತ್ರ ಇಳಿದಿತ್ತು. "ಅಲ್ಲಿಂದ ಈಚೆ ಬನ್ನಿ. ಕಟ್ಟೆ ಕಲ್ಲು ಸಡಿಲ ಆಗವೆ. ಬಾವಿ ಬೋ ಆಳ. ಬಿದ್ರೆ ಕೂಗೂ ಕೇಳಿಸಾಕಿಲ್ಲ."

ಉಮಾಶ್ರೀ ಈಚೆ ಬಂದಳು.

"ಬಿಸಿಲಲ್ಲಿ ಬಂದಿದ್ದೀರ. ಮನೇಲಿ ನೀರು ಕುಡ್ಕೊಂಡು ಓಗಿ."

ಬೇಡ ಅಂದರೆ ಅನುಮಾನ. ಹೋದಳು. ನರಸಪ್ಪನ ಹೆಂಡತಿ ಲೋಟದಲ್ಲಿ ನೀರೂ ತಟ್ಟೆಯಲ್ಲಿ ಬೆಲ್ಲವೂ ತಂದಿಟ್ಟಳು. ಅಷ್ಟರಲ್ಲಿ ಯಾರೋ ಪೂಜೆ ಸಾಮಾನಿಗೆ ಕೂಗಿ ನರಸಪ್ಪ ಹೊರಗೆ ಹೋದ.

ಉಮಾಶ್ರೀ ಲೋಟ ಹಿಡಿದು ಕೂತಳು. ಗಂಟಲು ಒಣಗಿತ್ತು. ಎತ್ತಿ ಕುಡಿಯಲು ಮಾತ್ರ ಕೈ ಬರಲಿಲ್ಲ.

"ಕುಡೀರಮ್ಮ, ಕಾವೇರಿ ನೀರು," ಅಂದಳು ಆಕೆ. "ರಾಜಾಜಿನಗರದಾಗೆ ನಮ್ಮ ಮಗಳ ಮನೆ ಅದೆ. ಯಜಮಾನ್ರು ದಿನ ಬಿಟ್ಟು ದಿನ ಸ್ಕೂಟರಾಗೆ ಕ್ಯಾನ್ ತರ್ತಾರೆ. ಅವ್ರಿಗೆ ಕಿಡ್ನೀಲಿ ಕಲ್ಲು."

"ನೀವು ಯಾವ ನೀರು ಕುಡೀತೀರಿ?"

"ಎಲ್ರೂ ಇದೇ. ಬ್ಯಾರೆ ನೀರು ಮುಟ್ಟಿದ್ರೆ ಬೈತಾರೆ."

"ಎಷ್ಟು ದಿನದಿಂದ?"

"ಎರಡು ತಿಂಗಳಾಗಿರಬೋದು."

ಉಮಾಶ್ರೀ ತಡೆದು ಕೇಳಿದಳು. "ನಾಳೆ ಪೂಜೆ ಅಂತಲ್ಲ. ಬಾವಿಗೆ ಶುದ್ಧಿ ಆವತ್ತೇ ಒಂದ್ಸಲ ಆಗಿತ್ತಲ್ವಾ? ಅಜ್ಜಿ ತೀರಿಕೊಂಡ ದಿನ?"

ಆಕೆ ಕಣ್ಣರಳಿಸಿದಳು. "ಎಲ್ಲಾದ್ರೂ ಉಂಟಾ? ಸೂತಕದಾಗೆ ಯಾರಮ್ಮ ಶುದ್ಧಿ ಮಾಡ್ತಾರೆ? ತಿಥಿ ಆಗೋಗಂಟ ಮಗನಾದೋನು ಬಾವಿ ಕಟ್ಟೆ ಹತ್ತಂಗೇ ಇಲ್ಲ. ಮೊನ್ನೆ ತಿಥಿ ಆಯ್ತು, ಅದುಕ್ಕೇ ನಾಳೆ ಪೂಜೆ."

ಆಕೆ ಕಾಫಿ ತರಲು ಒಳಗೆ ಹೋದಳು. ಉಮಾಶ್ರೀ ಲೋಟದ ನೀರನ್ನು ಸದ್ದಾಗದಂತೆ ಬಾಟಲಿಗೆ ಸುರಿದುಕೊಂಡಳು.

ಕಾಫಿ ಮುಗಿಸಿ ಹೊರಟವಳು ಮನೆಯ ಹಿಂಬದಿಯ ದಾರಿ ಹಿಡಿದಳು. ಅಲ್ಲಿ ನರಸಪ್ಪನ ಜಾಗದಲ್ಲೇ ಒಂದು ತಗಡಿನ ಶೆಡ್ಡು. ಕಬ್ಬಿಣದ ಬಿಡಿಭಾಗಗಳನ್ನು ಕಾದ ಉಪ್ಪಿನಲ್ಲಿ ಅದ್ದಿ ಗಟ್ಟಿ ಮಾಡುವ ಕಾರ್ಖಾನೆ, ಬಾಡಿಗೆಗೆ ಬಂದದ್ದು. ಅದರ ಹಿತ್ತಿಲಲ್ಲಿ ಹಾಳು ಬಾವಿ, ಎಂದೋ ಬತ್ತಿದ್ದು. ಮೇಲೆ ಚಪ್ಪಡಿ ಎಳೆದಿದ್ದರು. ಚಪ್ಪಡಿಯ ಸಂದಿಗೆ ಒಂದು ಪೈಪು. ಸುತ್ತ ಮಣ್ಣಿನ ಮೇಲೆ ಬಿಳಿ ಉಪ್ಪು ಹೆಪ್ಪುಗಟ್ಟಿತ್ತು.

ಬಗ್ಗಿ ಒಂದು ಚೂರು ಕೆರೆದು ಕರ್ಚೀಫಿನಲ್ಲಿ ಕಟ್ಟಿಕೊಂಡಳು. ಎದ್ದಾಗ ಶೆಡ್ಡಿನ ಮೂಲೆಯಲ್ಲಿ ನರಸಪ್ಪ ನಿಂತಿದ್ದ. ನೋಡುತ್ತಿದ್ದ, ಅಷ್ಟೇ.

ಉಮಾಶ್ರೀ ಬಿರಬಿರನೆ ನಡೆದಳು. ಹಿಂದೆ ಸ್ಕೂಟರು ಶುರುವಾದ ಸದ್ದು. ಅದು ಮುಂದೆ ಹೋಗಲಿಲ್ಲ, ಹಿಂದೆಯೂ ಉಳಿಯಲಿಲ್ಲ. ಅವಳು ನಿಂತರೆ ನಿಂತಿತು, ನಡೆದರೆ ನಡೆಯಿತು. ಮುಖ್ಯರಸ್ತೆಯ ಲಾರಿಗಳ ಗದ್ದಲ ಸಿಕ್ಕಿದ ಮೇಲೇ ಅವಳು ಉಸಿರು ಬಿಟ್ಟಿದ್ದು.

*

ಪ್ರಯೋಗಾಲಯದಲ್ಲಿ ಆ ಉಪ್ಪಿನ ಚೂರನ್ನು ನೀರಿಗೆ ಹಾಕಿದಳು. ಮೇಲೆ ನೈಟ್ರೈಟ್ ಪತ್ತೆ ಮಾಡುವ ಔಷಧದ ಎರಡು ಹನಿ. ನೀರು ಕಣ್ಣೆದುರಿಗೇ ಗಾಢ ಗುಲಾಬಿಗೆ, ರಾಣಿ ಬಣ್ಣಕ್ಕೆ ತಿರುಗಿತು. ನೈಟ್ರೈಟ್. ನರಸಪ್ಪನ ಮನೆಯ ನೀರಿಗೂ ಹನಿ ಹಾಕಿದಳು. ಬಣ್ಣ ಬರಲಿಲ್ಲ. ಮೆದುವಾದ ಕಾವೇರಿ ನೀರು, ಆವತ್ತಿನ ಬಾಟಲಿಯಲ್ಲಿದ್ದಂಥದ್ದೇ.

ಸಂಗಮೇಶ್ ಫೋನಿನಲ್ಲಿ ಸಿಕ್ಕಿದ.

"ಮೇಡಂ, ಉಪ್ಪು ಶೆಡ್ಡಿನ ಹಿತ್ತಲದಾಗ ಸಿಕ್ಕೈತಿ, ಬಾವ್ಯಾಗಲ್ಲ. ಬಾವಿ ನೀರು ಶುದ್ಧ ಅಂತ ಬರದಾಕಿ ನೀವೇ. ಈಗ ಅಲ್ಲ ಅಂತೀರಿ. ಕೋರ್ಟ್ ನಗ್ತದ."

"ನಗಲಿ ಬಿಡ್ರಿ. ನಾಳೆ ಮುಂಜಾನೆ ಆ ನೀರು ಯಾರೂ ಕುಡೀಬಾರದು. ನೀವು ಬರ್ರಿ. ಮೊದಲ ಬಿಂದಿಗೆ ನಿಮ್ಮ ಎದುರಿಗೇ ಪರೀಕ್ಷೆ ಮಾಡ್ತೀನಿ."

"ತಪ್ಪಾದ್ರ?"

"ನನ್ನ ನೌಕರಿ ಹೋಗ್ತದ. ತಪ್ಪಾಗದಿದ್ರ ಆ ತಾಯಿ ಮನಿಗೆ ಹೋಗ್ತಾಳ."

"ಬರ್ತೀನ್ರಿ," ಅಂದ ಸಂಗಮೇಶ್.

ಆ ರಾತ್ರಿ ಉಮಾಶ್ರೀ ನಿದ್ದೆ ಮಾಡಲಿಲ್ಲ. ಅಡುಗೆಮನೆಯ ನಲ್ಲಿ ತೊಟ್ಟಿಕ್ಕುತ್ತಿತ್ತು. ಎದ್ದು ನೀರು ಕುಡಿಯೋಣ ಅಂತ ಅನ್ನಿಸಿದಾಗಲೆಲ್ಲ ತಾನು ನೋಡಿರದ ಬೈರಮ್ಮನ ನೀಲಿ ತುಟಿ ಕಣ್ಣ ಮುಂದೆ ಬಂದು ಮತ್ತೆ ಮಲಗಿದಳು.

*

ಬೆಳಿಗ್ಗೆ ಬಾವಿಯ ಸುತ್ತ ಪ್ಲಾಸ್ಟಿಕ್ ಕೊಡಗಳ ಸಾಲು. ಹಸಿರು, ಕೆಂಪು, ನೀಲಿ. ಕಂಕುಳಲ್ಲಿ ಕೂಸು ಹೊತ್ತ ಹೆಂಗಸರು. ಮುಳ್ಳು ತೆಗೆದಿದ್ದರು. ಕಟ್ಟೆಗೆ ಅರಿಶಿನ ಕುಂಕುಮ ಹಚ್ಚಿದ್ದರು. ಪೂಜೆ ಮುಗಿದ ಮೇಲೆ ಮನೆಯ ಹಿರಿಯ ಮೊದಲ ಬಿಂದಿಗೆ ಸೇದಿ, ತೀರ್ಥ ಅಂತ ತಾನು ಕುಡಿದು, ಆಮೇಲೆ ಬೀದಿಯವರಿಗೆ ಬಿಡಬೇಕು. ಅದು ಅಲ್ಲಿಯ ರೂಢಿ.

ಸಂಗಮೇಶ್ ಇಬ್ಬರು ಪೇದೆಗಳ ಜೊತೆ ಹುಣಸೆ ಮರದ ಕೆಳಗೆ ನಿಂತಿದ್ದ. ಉಮಾಶ್ರೀ ಹೆಂಗಸರ ನಡುವೆ.

ನರಸಪ್ಪ ಬಂದ. ಕೈಯಲ್ಲಿ ತಂಬಿಗೆ. ತಂಬಿಗೆಯ ಬಾಯಿಗೆ ವೀಳ್ಯದೆಲೆ ಸಿಕ್ಕಿಸಿತ್ತು. ಅವನ ನಡಿಗೆಗೆ ಎಲೆಯ ಅಂಚಿನಿಂದ ಒಂದಿಷ್ಟು ನೀರು ತುಳುಕಿತು.

ಉಮಾಶ್ರೀ ಅದನ್ನು ನೋಡಿದಳು. ಮತ್ತೆ ತುಂಬಿಸಿಕೊಂಡು ಬಂದಿದ್ದಾನೆ!

ಅವನು ಬಿಂದಿಗೆ ಸೇದಿದ. ಗಂಗಮ್ಮನ ಕಲ್ಲಿನ ಮೇಲೆ ಒಂದಿಷ್ಟು ಸುರಿದ. ಆಮೇಲೆ ಬಿಂದಿಗೆಯಿಂದ ತುಂಬಿಕೊಳ್ಳುವವನಂತೆ ಬೆನ್ನು ತಿರುಗಿಸಿ ಬಗ್ಗಿ, ತಂಬಿಗೆಯನ್ನು ಬಾಯಿಗೆ ಎತ್ತಿದ.

"ನರಸಪ್ಪನವರೇ, ನಿಲ್ಲಿ!"

ಚಪ್ಪಲಿ ಕಳಚಿ ಉಮಾಶ್ರೀ ಕಟ್ಟೆ ಹತ್ತಿದಳು. "ಬಾವಿಗೆ ತುಂಬಿದ ತಂಬಿಗೆ ಯಾಕೆ ತಂದ್ರಿ?"

"ಇದು... ಇದು ಪೂಜೆ ನೀರು."

"ಹಂಗಾದ್ರೆ ಬಿಂದಿಗೇಲಿ ಇರೋದನ್ನ ಕುಡೀರಿ. ಶುದ್ಧ ಅಂತ ನಾನೇ ಬರೆದಿದ್ದೀನಲ್ಲ?"

ನರಸಪ್ಪ ಬಿಂದಿಗೆ ಮುಟ್ಟಲಿಲ್ಲ. ಒಂದು ಹೆಜ್ಜೆ ಹಿಂದೆ ಸರಿದ. ಅದನ್ನು ಎಲ್ಲರೂ ನೋಡಿದರು.

ಉಮಾಶ್ರೀ ಚೀಲದಿಂದ ಎರಡು ಗಾಜಿನ ಕೊಳವೆ ತೆಗೆದಳು. ಒಂದಕ್ಕೆ ತಂಬಿಗೆಯ ನೀರು. ಹನಿ ಹಾಕಿದಳು. ಏನೂ ಆಗಲಿಲ್ಲ. ಇನ್ನೊಂದಕ್ಕೆ ಬಿಂದಿಗೆಯಲ್ಲಿ ಉಳಿದಿದ್ದ ನೀರು. ಹನಿ ಬಿದ್ದಿದ್ದೇ ತಡ, ಕೊಳವೆಯೊಳಗೆ ಬಣ್ಣ ಕವಿಯಿತು. ಗುಲಾಬಿ, ಆಮೇಲೆ ಗಾಢ ದಾಸವಾಳ.

ಹೆಂಗಸರು ಒಟ್ಟಿಗೇ ಹಿಂದೆ ಸರಿದರು. ಯಾರದೋ ಕೊಡ ಕೈಜಾರಿ ಉರುಳಿತು. ಒಬ್ಬಳು ಕೂಸಿನ ಬಾಯನ್ನು ಸೆರಗಿನಿಂದ ಒತ್ತಿ ಮುಚ್ಚಿದಳು, ಗಾಳಿಗೂ ವಿಷ ಹತ್ತಿದೆ ಅನ್ನುವಂತೆ.

"ಏನ್ ಮೇಡಂ ಇದು?" ಸಂಗಮೇಶ್ ಕಟ್ಟೆಯ ಬುಡಕ್ಕೆ ಬಂದಿದ್ದ.

"ಬೈರಮ್ಮನ್ನ ಕೊಂದ ನೀರು. ಶೆಡ್ಡಿನ ಉಪ್ಪಿನ ನೀರನ್ನ ಇವರು ತಮ್ಮ ಹಾಳು ಬಾವಿಗೆ ಬಿಡಿಸಿಕೊಂಡಿದ್ರು. ಕಾಲುವೆಗೆ ಬಿಟ್ರೆ ಯಾರಾದ್ರೂ ನೋಡ್ತಾರೆ, ಭೂಮಿಯೊಳಗೆ ಬಿಟ್ರೆ ಯಾರು ನೋಡ್ತಾರೆ? ಅಜ್ಜಿ ಸಾಯೋಕೆ ಮುಂಚೆ ಜೋರು ಮಳೆ ಹೊಡೀತು. ಹಾಳು ಬಾವಿ ತುಂಬಿ ಕಲ್ಲಿನ ಬಿರುಕಲ್ಲಿ ಇಲ್ಲಿಗೆ ಇಳೀತು. ಈ ನೀರು ಮೊದಲಿಂದಲೂ ಸವಳು, ಅಜ್ಜಿಗೆ ರುಚಿ ವ್ಯತ್ಯಾಸ ಗೊತ್ತಾಗಲಿಲ್ಲ. ಬೀದಿಯವರು ಬೋರ್‌ವೆಲ್ ನೀರು ಕುಡೀತಿದ್ರು, ಉಳಕೊಂಡ್ರು."

"ಬಾಟ್ಲಿ?"

"ಆಸ್ಪತ್ರೆಯಲ್ಲಿ ಡಾಕ್ಟರು ನೀರು ಪರೀಕ್ಷೆ ಮಾಡಿಸಿ ಅಂದಾಗ ಇವರು ಅಲ್ಲೇ ಇದ್ರು. ಮನೆಗೆ ಬಂದು ಕಾವೇರಿ ನೀರನ್ನ ಕೊಡಕ್ಕೆ ತುಂಬಿ, ಶುದ್ಧಿ ಅಂತ ಹೇಳಿ ಕಟ್ಟೆ ಹತ್ತಿದ್ರು. ಹಸಿ ಸೂತಕದಲ್ಲಿ ಶುದ್ಧಿ! ಈ ಊರಿನವರಾಗಿದ್ರೆ ಅಲ್ಲೇ ಹಿಡೀತಿದ್ರು. ಬಂದವನು ನಮ್ಮ ದಾವಣಗೆರೆ ಹುಡುಗ. ಅವನ ಮನೇಲಿ ಸೂತಕ ಇಲ್ಲ, ನಂಬಿಬಿಟ್ಟ." ನರಸಪ್ಪನ ಕಡೆ ತಿರುಗಿದಳು. "ನೀವು ಕೆಟ್ಟಿದ್ದು ಒಂದೇ ಕಡೆ. ಖಂಡಿತ ಪಾಸಾಗಲಿ ಅಂತ ಸಿಕ್ಕಿದ್ದರಲ್ಲಿ ಒಳ್ಳೇ ನೀರು ತುಂಬಿಸಿದ್ರಿ. ಈ ಬಾವೀಲಿ ಬೇಳೆ ಬೇಯಲ್ಲ. ನೀವು ಕೊಟ್ಟ ನೀರಲ್ಲಿ ಬೇಯುತ್ತೆ."

"ಸುಳ್ಳು! ನಂಗೇನ್ ಗೊತ್ತು ಅದ್ರಾಗೆ ವಿಷ ಅದೆ ಅಂತ?"

"ಗೊತ್ತಿಲ್ಲದೆ ಎರಡು ತಿಂಗಳಿಂದ ಕ್ಯಾನ್ ಹೊತ್ತು ತಂದ್ರಾ? ಕಿಡ್ನಿ ಕಲ್ಲು ನಿಮಗೆ. ಬೇರೆ ನೀರು ಮುಟ್ಟಬೇಡಿ ಅಂತ ಮನೆಯವರನ್ನೆಲ್ಲ ಯಾಕೆ ಬೈದ್ರಿ?"

ಗುಂಪಿನಲ್ಲಿದ್ದ ಅವನ ಹೆಂಡತಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನರಸಪ್ಪ ಅವಳನ್ನು ನೋಡಿದ. ಕಟ್ಟೆಯ ಮೇಲೆ ಕುಸಿದು ಕೂತ.

"ಶೆಡ್ನೋರೇ ಏಳಿದ್ರು, ಅತ್ತಿರದ ನೀರು ಕುಡೀಬ್ಯಾಡಿ ಅಂತ. ನಾನು ಅವ್ವಂಗೆ ಎಷ್ಟೋ ಸಲ ಏಳ್ದೆ. ಕೊಳಾಯಿ ನೀರು ಕುಡಿಯವ್ವಾ, ಕೊಳಾಯಿ ನೀರು ಕುಡಿಯವ್ವಾ ಅಂತ. ಕೇಳ್ನಿಲ್ಲ."

"ಯಾಕೆ ಕುಡೀಬಾರ್ದು ಅಂತ ಹೇಳಿದ್ರಾ?"

ನರಸಪ್ಪ ಕಟ್ಟೆಯ ಅರಿಶಿನವನ್ನು ಉಗುರಿನಿಂದ ಕೆರೆಯತೊಡಗಿದ.

"ಹೇಳಿದ್ರೆ ಬಾವಿ ಮುಚ್ಚಬೇಕಿತ್ತು. ಶೆಡ್ಡು ಹೋಗ್ತಿತ್ತು. ಬೀದಿಯೆಲ್ಲ ನಿಮ್ಮನ್ನ ಕೇಳ್ತಿತ್ತು. ಅದಕ್ಕೆ ಹೇಳಲಿಲ್ಲ. ಅವ್ವ ಸತ್ತ ಮೇಲೂ ಹೇಳಲಿಲ್ಲ. ತಮ್ಮನ ಹೆಂಡತೀನ ಜೀಪು ಹತ್ತಿಸುವಾಗಲೂ ಹೇಳಲಿಲ್ಲ. ಇವತ್ತು ಈ ಕೂಸುಗಳು ಕುಡಿಯೋಕೆ ಬಂದಾಗ?"

"ಮಳೆ ನಿಂತದೆ... ಕಮ್ಮಿ ಆಗಿರ್ತದೆ ಅಂದ್ಕೊಂಡೆ," ಅಂದ ನರಸಪ್ಪ.

ಬೀದಿಯವರು ಬೈದಿದ್ದರೆ ಅವನಿಗೂ ಹಗುರವಾಗುತ್ತಿತ್ತೇನೋ. ಯಾರೂ ಬೈಯಲಿಲ್ಲ. ಒಬ್ಬೊಬ್ಬರೇ ಕೊಡ ಎತ್ತಿಕೊಂಡು ಅವನಿಂದ ದೂರ ಸರಿದರು. ಸಂಗಮೇಶ್ ಅವನ ತೋಳು ಹಿಡಿದು ಕೆಳಗಿಳಿಸಿದ. ಒಬ್ಬ ಪೇದೆ ಶೆಡ್ಡಿನ ಕಡೆ ಓಡಿದ. ಇನ್ನೊಬ್ಬ ಮುಳ್ಳನ್ನು ಮತ್ತೆ ಬಾವಿಯ ಮೇಲೆ ಎಳೆದ.

*

ಸಂಜೆ ಆಸ್ಪತ್ರೆಯಲ್ಲಿ ಲಕ್ಷ್ಮಮ್ಮ ಮಗಳ ಮಂಚದ ಮೇಲೆಯೇ ಕೂತಿದ್ದಳು. ಠಾಣೆಯಿಂದ ಬಿಟ್ಟಾಗಿನಿಂದ ಅತ್ತು ಅತ್ತು ಅವಳ ಕಣ್ಣು ಊದಿತ್ತು. ಉಮಾಶ್ರೀಯನ್ನು ನೋಡಿ ಏಳಲು ಹೋದಳು. ಉಮಾಶ್ರೀ ಭುಜ ಒತ್ತಿ ಕೂರಿಸಿದಳು.

"ನನ್ನ ಸಹಿಯಿಂದಲೇ ನೀವು ಒಳಗೆ ಹೋಗಿದ್ದು."

"ಬುಡಿ ತಾಯಿ. ನನ್ನ ಬೇಳೆ ಮಾತು ನಂಬಿದೋರು ನೀವೊಬ್ರೇ."

ದೀಪಶ್ರೀ ಎಚ್ಚರವಾಗಿದ್ದಳು. ಉಗುರು ಮೊದಲಿನ ಬಣ್ಣಕ್ಕೆ ಬಂದಿತ್ತು, ತುಟಿ ಮಾತ್ರ ಒಣಗಿ ಸಿಪ್ಪೆ ಎದ್ದಿತ್ತು. ಲಕ್ಷ್ಮಮ್ಮ ವಾರ್ಡಿನ ನಲ್ಲಿಯಿಂದ ಒಂದು ಲೋಟ ನೀರು ತಂದು ಮಗಳ ಬಾಯಿಗೆ ಹಿಡಿದಳು. ಮಗು ಹಲ್ಲು ಕಚ್ಚಿಕೊಂಡು ಮುಖ ತಿರುಗಿಸಿತು.

"ಅಜ್ಜಿ ಸತ್ತಿದ್ದು ನೀರಿಂದ ಅಂತ ಕಿವಿಗೆ ಬಿದ್ದಾಗಿಂದ ಇಂಗೇ. ನೀರು ಕಂಡ್ರೆ ಎದರ್ಕತ್ತದೆ," ಅಂದಳು ತಾಯಿ. "ನೋಡು ಮಗಾ, ಇವ್ರೇ ಕಣೇ ನೀರು ಪರೀಕ್ಷೆ ಮಾಡೋ ಮೇಡಂ."

ದೀಪಶ್ರೀ ನಿಧಾನಕ್ಕೆ ಈ ಕಡೆ ತಿರುಗಿದಳು. ಲೋಟ ನೋಡಿದಳು, ಉಮಾಶ್ರೀಯನ್ನು ನೋಡಿದಳು.

"ಆಂಟಿ, ಇದು ಕುಡೀಬೋದಾ?"

ಉಮಾಶ್ರೀಯ ಚೀಲದಲ್ಲಿ ಗಾಜಿನ ಕೊಳವೆಯಿತ್ತು, ಔಷಧವಿತ್ತು. ಆದರೆ ಮಗು ಕಾಯುತ್ತಿತ್ತು. ಕೊಳವೆಯಲ್ಲಿ ಬಣ್ಣ ಬರದಿದ್ದರೆ ಅದಕ್ಕೇನು ಅರ್ಥವಾದೀತು? ಉಮಾಶ್ರೀ ಲೋಟ ಇಸಿದುಕೊಂಡಳು. ಮಗು ನೋಡುತ್ತಿರುವಂತೆಯೇ ಒಂದು ದೊಡ್ಡ ಗುಟುಕು ಕುಡಿದಳು.

ದೀಪಶ್ರೀ ಅವಳ ತುಟಿಯನ್ನೇ ನೋಡುತ್ತ ಕೂತಳು. ಬಹಳ ಹೊತ್ತು ನೋಡಿದಳು. ಬಣ್ಣ ಬದಲಾಗಲಿಲ್ಲ ಅಂತ ನಂಬಿಕೆ ಬಂದ ಮೇಲೆ ಎರಡೂ ಕೈ ಚಾಚಿದಳು.